ಹನ್ನೆರಡು ಗಂಟೆ ನಿಂತರೆ ಹನ್ನೆರಡು ಗಂಟೆಯ ಕೆಲಸ ಆಗುತ್ತಾ? ಅಂಗಡಿ ಮಾಲೀಕರು ಹಾಕಿ ನೋಡಬೇಕಾದ ಲೆಕ್ಕ

ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಅನ್ನೋ ಜಗಳ ಬೆಂಗಳೂರಿನ ಐಟಿ ಕಂಪನಿಗಳದ್ದು, ತಾಲೂಕು ಕೇಂದ್ರದ ಕಿರಾಣಿ ಅಂಗಡಿಗೂ ಅದಕ್ಕೂ ಏನು ಸಂಬಂಧ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸಂಬಂಧ ಇದೆ. 2025ರ ಜೂನ್‌ನಲ್ಲಿ ರಾಜ್ಯ ಕಾರ್ಮಿಕ ಇಲಾಖೆ ತಿದ್ದುಪಡಿಗೆ ಎತ್ತಿಕೊಂಡಿದ್ದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು. ಐಟಿ ಕಂಪನಿಗೂ ಬಸ್ ಸ್ಟ್ಯಾಂಡ್ ಎದುರಿನ ಬೇಕರಿಗೂ ಇರೋದು ಇದೊಂದೇ ಕಾಯ್ದೆ.

ಈ ಕಾಯ್ದೆ ಪ್ರಕಾರ ಸಂಬಳಕ್ಕಿರುವ ಕೆಲಸಗಾರನಿಂದ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಓಟಿ ಸೇರಿದರೂ ದಿನಕ್ಕೆ 10 ಗಂಟೆ ದಾಟಬಾರದು. ಮೂರು ತಿಂಗಳಲ್ಲಿ ಒಟ್ಟು ಓಟಿ 50 ಗಂಟೆ ಮೀರಬಾರದು, ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು. ಒಂದೇ ಸಮನೆ 5 ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ ಕಡ್ಡಾಯ.

ಇಲಾಖೆಯ ಪ್ರಸ್ತಾವದಲ್ಲಿ ದಿನದ ಮಿತಿ 9ರಿಂದ 10 ಗಂಟೆಗೆ, ಓಟಿ ಸೇರಿ 12 ಗಂಟೆಗೆ ಏರಬೇಕಿತ್ತು. ಮೂರು ತಿಂಗಳ ಓಟಿ ಮಿತಿ 50ರಿಂದ 144 ಗಂಟೆಗೆ ಹೋಗಬೇಕಿತ್ತು. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ವಿನಾಯಿತಿ ಕೊಡುವ ಮಾತೂ ಅದರ ಜೊತೆಗೇ ಬಂತು. ಐಟಿ ನೌಕರರ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. ಇದಕ್ಕೂ ಮೊದಲು, 2023ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೆ ಕೆಲಸ ಮಾಡಿಸುವ ದಾರಿಯನ್ನು ರಾಜ್ಯ ತೆರೆದಿತ್ತು.

ಮಾತಿನ ಮಟ್ಟದಲ್ಲಂತೂ ಗಂಟೆಗಳು ಹರಾಜಿಗೆ ಬಿದ್ದ ಹಾಗೆ ಏರಿದವು. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತಾಡಿದರು. ಪರ-ವಿರೋಧದ ಗಲಾಟೆಯಲ್ಲಿ ಒಂದು ಪ್ರಶ್ನೆ ಹಿಂದೆ ಸರಿಯಿತು. ಗಂಟೆ ಹೆಚ್ಚಾದರೆ ಕೆಲಸವೂ ಅಷ್ಟೇ ಹೆಚ್ಚಾಗುತ್ತಾ?

ಇದಕ್ಕೆ ಅಭಿಪ್ರಾಯ ಬೇಕಿಲ್ಲ, ಅಳತೆ ಇದೆ. ನೂರು ವರ್ಷದಿಂದ ಬೇರೆ ಬೇರೆ ದೇಶದವರು ಅಳೆದಿದ್ದಾರೆ. ಬೆಂಗಳೂರು, ಚೆನ್ನೈ, ಒಡಿಶಾದಲ್ಲೂ ಅಳತೆ ನಡೆದಿದೆ. ಅದನ್ನು ತಾಲೂಕಿನ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೊಂದಿಸಿ ನೋಡಿದರೆ ಲೆಕ್ಕ ಸ್ವಲ್ಪ ಬೇರೆಯೇ ಕಾಣುತ್ತೆ.

56 ಗಂಟೆಯೂ ಒಂದೇ, 70 ಗಂಟೆಯೂ ಒಂದೇ

1915ರಲ್ಲಿ ಮೊದಲ ಮಹಾಯುದ್ಧದ ನಡುವೆ ಬ್ರಿಟನ್‌ಗೆ ಫಿರಂಗಿ ಗುಂಡುಗಳ ಕೊರತೆ ಬಿತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಮದ್ದುಗುಂಡು ಕಾರ್ಖಾನೆಗಳಿಗೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು. ದೇಶಕ್ಕಾಗಿ ಎಂದು ಭಾನುವಾರವೂ ಕೆಲಸ ನಡೆಯಿತು, ಕೆಲವು ಕಡೆ ವಾರಕ್ಕೆ 70 ಗಂಟೆ ದಾಟಿತು. ಜನ ಸುಸ್ತಾಗಿ ಬೀಳತೊಡಗಿದಾಗ ಸರ್ಕಾರ ಒಂದು ಸಮಿತಿ ಮಾಡಿತು. ಸಮಿತಿಯ ಕಡೆಯವರು ಕಾರ್ಖಾನೆಗಳಿಗೆ ಹೋಗಿ, ಯಾವ ವಾರ ಎಷ್ಟು ಗಂಟೆ ಕೆಲಸ ನಡೆಯಿತು, ಎಷ್ಟು ಮಾಲು ತಯಾರಾಯಿತು ಎಂದು ಒಂದೊಂದಾಗಿ ಬರೆದಿಟ್ಟರು.

ಸುಮಾರು ನೂರು ವರ್ಷದ ನಂತರ, 2014ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ ಅದೇ ಹಳೇ ಅಂಕಿಗಳನ್ನು ಹೊಸದಾಗಿ ಲೆಕ್ಕ ಹಾಕಿದರು. ವಾರಕ್ಕೆ 49 ಗಂಟೆವರೆಗೆ ಗಂಟೆ ಹೆಚ್ಚಿದಷ್ಟೂ ಮಾಲು ಹೆಚ್ಚಿತ್ತು. ಅಲ್ಲಿಂದ ಮುಂದೆ ಹೆಚ್ಚಳ ಕುಗ್ಗುತ್ತಾ ಬಂತು. 70 ಗಂಟೆ ದುಡಿದ ವಾರದ ಮಾಲಿಗೂ 56 ಗಂಟೆ ದುಡಿದ ವಾರದ ಮಾಲಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ನಡುವಿನ 14 ಗಂಟೆ ಹೆಚ್ಚುಕಮ್ಮಿ ಗಾಣದೆತ್ತಿನ ಸುತ್ತಾಟ.

ಇಲ್ಲೊಂದು ಮಾತು ಗಮನಿಸಬೇಕು. ಆ ಹೆಂಗಸರಿಗೆ ಕೂಲಿ ಪೀಸ್ ಲೆಕ್ಕದಲ್ಲಿತ್ತು. ಎಷ್ಟು ಮಾಡಿದರೆ ಅಷ್ಟು ದುಡ್ಡು. ಹಾಗಾಗಿ ಮೈಗಳ್ಳತನ ಎಂದು ತಳ್ಳಿಹಾಕುವ ಹಾಗಿಲ್ಲ. ದುಡ್ಡಿನ ಆಸೆ ಇದ್ದರೂ, ಯುದ್ಧದ ಒತ್ತಡ ಇದ್ದರೂ ಕೈ ಓಡಲಿಲ್ಲ.

ಇದನ್ನು ಊರಿನ ಲೆಕ್ಕಕ್ಕೆ ತನ್ನಿ. ಬೆಳಗ್ಗೆ 9ಕ್ಕೆ ಬಂದು ರಾತ್ರಿ 9ಕ್ಕೆ ಹೋಗುವ ಹುಡುಗ, ಊಟಕ್ಕೆ ಒಂದು ಗಂಟೆ ಕಳೆದರೆ, ದಿನಕ್ಕೆ 11 ಗಂಟೆ ಕೆಲಸದಲ್ಲಿರುತ್ತಾನೆ. ಆರು ದಿನಕ್ಕೆ 66. ವಾರದ ರಜೆಯೂ ಇಲ್ಲದಿದ್ದರೆ 77. ಹಬ್ಬದ ಸೀಸನ್‌ನಲ್ಲಿ ಇದು ಎಷ್ಟೋ ಅಂಗಡಿಗಳಲ್ಲಿ ಮಾಮೂಲಿ. ಬ್ರಿಟನ್‌ನ ಕಾರ್ಖಾನೆಯಲ್ಲಿ ಮಾಲು ಏರುವುದು ನಿಂತುಹೋದ ಜಾಗವನ್ನು ಈ ಹುಡುಗ ದಾಟಿ ಎಷ್ಟೋ ದೂರ ಹೋಗಿದ್ದಾನೆ.

ವಾರದ ರಜೆ ಅನ್ನೋದು ಧರ್ಮದ ಮಾತಲ್ಲ

ಅದೇ ಲೆಕ್ಕದಲ್ಲಿ ಮತ್ತೊಂದು ಸಂಗತಿ ಹೊರಬಂತು. ಏಳು ದಿನವೂ ರಜೆ ಇಲ್ಲದೆ ಕೆಲಸ ಮಾಡಿಸಿದಾಗ ವಾರದ ಒಟ್ಟು ಉತ್ಪಾದನೆಗೇ ಪೆಟ್ಟು ಬೀಳುತ್ತಿತ್ತು. ಒಂದು ದಿನ ಬಿಡುವಿದ್ದರೆ ಉಳಿದ ಆರು ದಿನದ ಕೆಲಸ ಸುಧಾರಿಸುತ್ತಿತ್ತು. ಭಾನುವಾರದ ಕೆಲಸ ನಿಲ್ಲಿಸಿ ಎಂದು ಯುದ್ಧ ನಡೆಯುತ್ತಿರುವಾಗಲೇ ಆ ಸಮಿತಿ ಸರ್ಕಾರಕ್ಕೆ ಹೇಳಿತ್ತು.

ಎಷ್ಟೋ ಪಟ್ಟಣಗಳಲ್ಲಿ ವರ್ತಕರೇ ಮಾತಾಡಿಕೊಂಡು ವಾರಕ್ಕೊಂದು ದಿನ ಬಾಗಿಲು ಹಾಕುವ ಪದ್ಧತಿ ಮಾಡಿಕೊಂಡಿದ್ದಾರೆ. ಒಬ್ಬ ಅಂಗಡಿ ತೆಗೆದರೆ ಪಕ್ಕದವನೂ ತೆಗೆಯಲೇಬೇಕಾಗುತ್ತದೆ. ಇಬ್ಬರೂ ತೆಗೆದರೆ ಊರಿನ ಗಿರಾಕಿ ಹೆಚ್ಚಾಗೋದಿಲ್ಲ, ಆರು ದಿನದ ವ್ಯಾಪಾರವೇ ಏಳು ದಿನಕ್ಕೆ ಹಂಚಿಹೋಗುತ್ತೆ. ಎಲ್ಲರೂ ಒಪ್ಪಿ ಹಾಕಿಕೊಂಡ ರಜೆಯಲ್ಲಿ ಯಾರ ವ್ಯಾಪಾರವೂ ಇನ್ನೊಬ್ಬರಿಗೆ ಹೋಗೋದಿಲ್ಲ.

ಎಲ್ಲರೂ ಒಟ್ಟಿಗೆ ಬಾಗಿಲು ಹಾಕೋಕೆ ಆಗದ ಮೆಡಿಕಲ್ ಶಾಪ್, ಹೋಟೆಲ್‌ನಂಥ ಕಡೆ ಕೆಲಸಗಾರರಿಗೆ ಸರದಿ ಮೇಲೆ ರಜೆ ಕೊಡಬಹುದು.

ಅಂಗಡಿ ಕಾರ್ಖಾನೆ ಅಲ್ಲವಲ್ಲ?

ಇಲ್ಲಿ ಮಾಲೀಕರ ಆಕ್ಷೇಪ ನ್ಯಾಯವಾದದ್ದೇ. ಕಾರ್ಖಾನೆಯಲ್ಲಿ ಪ್ರತಿ ನಿಮಿಷ ಕೈ ಆಡಬೇಕು. ಅಂಗಡಿಯಲ್ಲಿ ಮಧ್ಯಾಹ್ನ 2ರಿಂದ 4ರವರೆಗೆ ನೊಣ ಹೊಡೆಯೋದೇ ಕೆಲಸ. ಗಿರಾಕಿ ಯಾವಾಗ ಬರುತ್ತಾನೋ ಗೊತ್ತಿಲ್ಲ, ಬಂದಾಗ ಬಾಗಿಲು ಹಾಕಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಅಂಗಡಿಯ ಗಂಟೆಯಲ್ಲಿ ಅರ್ಧ ಕಾಯುವ ಗಂಟೆ.

ನಿಜ. ಆದರೆ ಅಂಗಡಿ ಬಾಗಿಲು ತೆರೆದಿರುವ ಗಂಟೆ ಬೇರೆ, ಒಬ್ಬನೇ ಹುಡುಗ ನಿಂತಿರುವ ಗಂಟೆ ಬೇರೆ. ಷಟರ್ ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರಬಹುದು. ಅದಕ್ಕೆ ಒಬ್ಬನೇ ಮನುಷ್ಯ 15 ಗಂಟೆ ನಿಲ್ಲಬೇಕಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಅಂಗಡಿಗಳು ದಿನದ 24 ಗಂಟೆಯೂ ತೆರೆದಿರಲು ರಾಜ್ಯ ಸರ್ಕಾರ 2021ರ ಜನವರಿಯಲ್ಲಿ ಅನುಮತಿ ಕೊಟ್ಟಾಗಲೂ ಕೆಲಸಗಾರನ ದುಡಿಮೆಯ ಮಿತಿ ಹಾಗೇ ಉಳಿದಿತ್ತು. ಈ ಎರಡನ್ನೂ ಒಂದೇ ಎಂದುಕೊಂಡಾಗಲೇ ಲೆಕ್ಕ ತಪ್ಪುವುದು.

ಅಂಗಡಿಗಳಲ್ಲೇ ಮಾಡಿದ ಒಂದು ಪ್ರಯೋಗ ಈ ವಿಷಯದಲ್ಲಿ ಉಪಯೋಗಕ್ಕೆ ಬರುತ್ತೆ. ಅಮೆರಿಕದ ಗ್ಯಾಪ್ ಅನ್ನೋ ಬಟ್ಟೆ ಕಂಪನಿಯ 28 ಅಂಗಡಿಗಳಲ್ಲಿ 2015-16ರಲ್ಲಿ ಅದನ್ನು ನಡೆಸಿದರು. ಅಲ್ಲಿನ ಕೆಲಸಗಾರರಿಗೆ ನಾಳೆ ಎಷ್ಟು ಗಂಟೆಗೆ ಬರಬೇಕು, ಎಷ್ಟು ಗಂಟೆಗೆ ಹೋಗಬಹುದು ಎಂಬುದೇ ಗೊತ್ತಿರುತ್ತಿರಲಿಲ್ಲ. ಕೆಲವು ಅಂಗಡಿಗಳಲ್ಲಿ ಪಾಳಿಯನ್ನು ನಿಗದಿ ಮಾಡಿದರು. ಬರುವ, ಹೋಗುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚು ಬದಲಾಗದ ಹಾಗೆ ನೋಡಿಕೊಂಡರು. ತಮ್ಮತಮ್ಮಲ್ಲಿ ಪಾಳಿ ಬದಲಾಯಿಸಿಕೊಳ್ಳಲು ಅವಕಾಶ ಕೊಟ್ಟರು. ಗಿರಾಕಿ ಹೆಚ್ಚು ಬರುವ ಹೊತ್ತಿಗೆ ಜನ ಹೆಚ್ಚು ಹಾಕಿದರು. ಇವುಗಳನ್ನು ಹಳೇ ಪದ್ಧತಿಯಲ್ಲೇ ಬಿಟ್ಟ ಅಂಗಡಿಗಳ ಜೊತೆ ಹೋಲಿಸಿ ನೋಡಿದಾಗ ಮಾರಾಟ ಶೇ 7ರಷ್ಟು, ಕೆಲಸಗಾರರ ಉತ್ಪಾದಕತೆ ಶೇ 5ರಷ್ಟು ಹೆಚ್ಚಿತ್ತು.

ಅಮೆರಿಕದ ಮಾಲ್ ಬೇರೆ, ತಾಲೂಕಿನ ಪೇಟೆ ಬೀದಿ ಬೇರೆ ಎಂಬುದು ಸರಿ. ಆದರೂ ಸಂತೆಯ ದಿನ ಎಷ್ಟು ಹೊತ್ತಿಗೆ ಜನ ನುಗ್ಗುತ್ತಾರೆ, ಹಳ್ಳಿ ಬಸ್ಸುಗಳು ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೊರಡುತ್ತವೆ ಎಂಬುದು ಇಲ್ಲಿನ ಪ್ರತಿ ಅಂಗಡಿಯವರಿಗೂ ಬಾಯಿಪಾಠ. ಇಬ್ಬರು ಹುಡುಗರಿದ್ದರೆ ಇಬ್ಬರನ್ನೂ ಬೆಳಗ್ಗೆಯಿಂದ ರಾತ್ರಿವರೆಗೆ ನಿಲ್ಲಿಸುವ ಬದಲು, ಒಬ್ಬ ಬೇಗ ಬಂದು ಬೇಗ ಹೋಗುವುದು, ಇನ್ನೊಬ್ಬ ತಡವಾಗಿ ಬಂದು ರಾತ್ರಿ ಬಾಗಿಲು ಹಾಕುವುದು, ರಶ್ ಹೊತ್ತಿನಲ್ಲಿ ಇಬ್ಬರೂ ಇರುವುದು ಸಾಧ್ಯವಿದೆ. ಬಾಗಿಲು ತೆರೆದಿರುವ ಹೊತ್ತು ಒಂದು ನಿಮಿಷವೂ ಕಡಿಮೆಯಾಗೋದಿಲ್ಲ.

ಕಾಯುವ ಗಂಟೆಗೆ ಸೇರಿದ ಇನ್ನೊಂದು ವಿಷಯ ಕೂರುವುದು. ಬಟ್ಟೆ ಅಂಗಡಿಗಳಲ್ಲಿ ಗಿರಾಕಿ ಇಲ್ಲದಾಗಲೂ ಹೆಣ್ಣುಮಕ್ಕಳು ನಿಂತೇ ಇರಬೇಕೆಂಬ ರೂಢಿ ಹಲವು ಕಡೆ ಇದೆ. ಕೇರಳದ ಕೋಯಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿಯಲ್ಲಿ ಕೂರುವ ವ್ಯವಸ್ಥೆಯನ್ನು ಕಾನೂನಿಗೇ ಸೇರಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಸ್ಟೂಲ್ ಹಾಕಿಸಲು ಮಾಲೀಕರು ಇಲ್ಲಿ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ.

ಸೆಕೆ ನುಂಗುವ ದುಡಿಮೆ

ಗಂಟೆಯ ಬಗ್ಗೆ ಇಷ್ಟು ಚರ್ಚೆ ಆಗುತ್ತೆ, ಸೆಕೆಯ ಬಗ್ಗೆ ಆಗೋದಿಲ್ಲ. ಇ. ಸೋಮನಾಥನ್, ರೋಹಿಣಿ ಸೋಮನಾಥನ್, ಅನಂತ್ ಸುದರ್ಶನ್, ಮೀನು ತಿವಾರಿ ಎಂಬ ನಾಲ್ವರು ಸಂಶೋಧಕರು ದೇಶದ ಕಾರ್ಖಾನೆಗಳ ಲೆಕ್ಕವನ್ನು ತಾಪಮಾನದ ಜೊತೆ ಇಟ್ಟು ನೋಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷದ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕಾರ್ಖಾನೆಯ ಉತ್ಪಾದನೆ ಸುಮಾರು ಶೇ 2ರಷ್ಟು ಇಳಿಯುತ್ತಿತ್ತು. ನೇಯ್ಗೆ, ಗಾರ್ಮೆಂಟ್ಸ್ ಕೆಲಸಗಾರರ ದಿನದಿನದ ಲೆಕ್ಕ ತೆಗೆದರೂ ಬಿಸಿಲು ಹೆಚ್ಚಿದ ದಿನ ಕೆಲಸ ಕಡಿಮೆ. ಸೆಕೆ ಹಲವು ದಿನ ಮುಂದುವರಿದರೆ ಗೈರುಹಾಜರಿಯೂ ಹೆಚ್ಚು. ತಂಪಿನ ವ್ಯವಸ್ಥೆ ಇದ್ದಲ್ಲಿ ಕೆಲಸದ ನಷ್ಟ ತಪ್ಪಿತು, ಆದರೆ ಗೈರುಹಾಜರಿ ತಪ್ಪಲಿಲ್ಲ. ಅವರ ಮನೆಗಳು ಕಾದೇ ಇರುತ್ತವಲ್ಲ.

ಬೆಂಗಳೂರಿನ ಸುತ್ತಲ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಸಿಕ್ಕ ಫಲಿತಾಂಶ ಇನ್ನೂ ಸ್ವಾರಸ್ಯದ್ದು. ಅಲ್ಲಿ ಹಳೇ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದ್ದು ಕರೆಂಟ್ ಬಿಲ್ ಉಳಿಸಲು. ಎಲ್‌ಇಡಿ ಹಳೇ ದೀಪದಷ್ಟು ಶಾಖ ಬಿಡೋದಿಲ್ಲ. ಹೊಲಿಗೆ ಮೆಷಿನ್ ಮೇಲೆ, ಕೆಲಸಗಾರರ ತಲೆ ಹತ್ತಿರವೇ ಇರುವ ದೀಪ ಅದು. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನಿಶಾದಂ ಎಂಬ ಅರ್ಥಶಾಸ್ತ್ರಜ್ಞರು ದಿನದಿನದ ಉತ್ಪಾದನೆಯ ಲೆಕ್ಕ ನೋಡಿದಾಗ, ಸೆಕೆ ಜೋರಿದ್ದ ದಿನಗಳಲ್ಲಿ ಎಲ್‌ಇಡಿ ಇದ್ದ ಕಡೆ ಕೆಲಸ ಹೆಚ್ಚು ನಡೆದಿತ್ತು. ಸರಾಸರಿ ಒಂದು ಕಾರ್ಖಾನೆಗೆ ಕರೆಂಟ್‌ನಲ್ಲಿ ಉಳಿದಿದ್ದು ಸುಮಾರು 2,880 ಡಾಲರ್. ಕೆಲಸ ಹೆಚ್ಚಿದ್ದರಿಂದ ಬಂದ ಲಾಭ ಸುಮಾರು 7,500 ಡಾಲರ್. ಬಿಲ್ ಉಳಿತಾಯಕ್ಕೆಂದು ಹಾಕಿದ ದೀಪದಿಂದ ಅದರ ಎರಡೂವರೆ ಪಟ್ಟು ಲಾಭ ಬೇರೆ ಕಡೆಯಿಂದ ಬಂತು.

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಏಪ್ರಿಲ್-ಮೇ ಬಿಸಿಲನ್ನು ಯಾರಿಗೂ ವಿವರಿಸಬೇಕಾಗಿಲ್ಲ. ತಗಡಿನ ಶೀಟಿನ ಕೆಳಗೆ ಗೋಡೌನ್, ಒಂದೇ ಬಾಗಿಲಿನ ಮಳಿಗೆ, ಗಲ್ಲಾ ಮೇಲೆ ಮಾತ್ರ ತಿರುಗುವ ಫ್ಯಾನ್. ಮಾಲೀಕರ ತಲೆ ಮೇಲೆ ಫ್ಯಾನ್ ಇದ್ದು, ಮೂಟೆ ಎತ್ತುವವನ ತಲೆ ಮೇಲೆ ಇಲ್ಲದಿದ್ದರೆ ಕೆಲಸ ನಡೆಯುವ ಜಾಗದಲ್ಲಿ ಗಾಳಿಯೇ ಇಲ್ಲ ಎಂದಾಯಿತು. ಇನ್ನೊಂದು ಫ್ಯಾನ್, ಒಂದು ಮಡಕೆ ನೀರು, ಮೂಟೆ ಇಳಿಸುವ ಕೆಲಸವನ್ನು ಬೆಳಗಿನ ಹೊತ್ತಿಗೆ ಹಾಕುವುದು ಓಟಿಗಿಂತ ಅಗ್ಗ.

ನಿದ್ದೆಯ ಲೆಕ್ಕ ಅಂದುಕೊಂಡ ಹಾಗೆ ಬರಲಿಲ್ಲ

ಸಂಶೋಧನೆ ಯಾವಾಗಲೂ ನಿರೀಕ್ಷೆಯಂತೆ ಬರುತ್ತೆ ಎಂದೇನಿಲ್ಲ. ಚೆನ್ನೈನಲ್ಲಿ ಕಡಿಮೆ ಆದಾಯದ 452 ಜನರಿಗೆ ಕಂಪ್ಯೂಟರ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಕೊಟ್ಟು ಒಂದು ಪ್ರಯೋಗ ನಡೆಯಿತು. 2021ರಲ್ಲಿ ಪ್ರಕಟವಾದ ಅದರ ಪ್ರಕಾರ, ಇವರು ರಾತ್ರಿ ಸುಮಾರು 8 ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಬರುತ್ತಿದ್ದುದು ಐದೂವರೆ ಗಂಟೆ ಮಾತ್ರ. ಕೆಲವರಿಗೆ ರಾತ್ರಿ ನಿದ್ದೆ ಸರಾಸರಿ 27 ನಿಮಿಷ ಹೆಚ್ಚುವ ಹಾಗೆ ಸಹಾಯ ಮಾಡಿದರು. ಕೆಲಸ ಸುಧಾರಿಸುತ್ತೆ ಎಂದು ತಜ್ಞರು ಊಹಿಸಿದ್ದರು. ಸುಧಾರಿಸಲಿಲ್ಲ.

ಆದರೆ ಕೆಲಸದ ಜಾಗದಲ್ಲೇ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಲು ಬಿಟ್ಟವರಲ್ಲಿ ಬದಲಾವಣೆ ಕಂಡಿತು. ಕೆಲಸದ ವೇಗ, ಗಮನ, ಮನಸ್ಸಿನ ನೆಮ್ಮದಿ ಎಲ್ಲವೂ ಹೆಚ್ಚಿದವು. ಒಂದು ಮಾತು ಮುಚ್ಚಿಡಬಾರದು: ಮಲಗಿದಷ್ಟು ಹೊತ್ತು ಕೆಲಸದ ಸಮಯ ಕಡಿಮೆಯಾಯಿತು. ಗಿರಾಕಿ ತುಂಬಿರುವಾಗ ನಿದ್ದೆಗೆ ಬಿಟ್ಟರೆ ನಷ್ಟವೇ. ಆದರೆ ಅಂಗಡಿಯಲ್ಲಿ ಮಧ್ಯಾಹ್ನದ ಎರಡು ಗಂಟೆ ಹೇಗೂ ಖಾಲಿ. ಆ ಹೊತ್ತಿನಲ್ಲಿ ಸರದಿ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಲು ಬಿಟ್ಟರೆ ಸಂಜೆ 6ರ ರಶ್‌ಗೆ ತಾಜಾ ಆಗಿರುವ ಹುಡುಗ ಸಿಗುತ್ತಾನೆ. ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಎಳೆದು ಮಲಗುವ ಹಳೇ ಕಾಲದ ವರ್ತಕರ ರೂಢಿಯಲ್ಲಿ ಲೆಕ್ಕಾಚಾರ ಇತ್ತು ಅನ್ನಬೇಕು.

ಬಟವಾಡೆ ತಡವಾದರೆ ಕೈಯೂ ತಡ

ಒಡಿಶಾದಲ್ಲಿ ನಡೆದ ಇನ್ನೊಂದು ಪ್ರಯೋಗ ನೇರವಾಗಿ ಸಂಬಳದ ತಾರೀಖಿಗೆ ಸಂಬಂಧಿಸಿದ್ದು. ಎಲೆಯಿಂದ ಊಟದ ತಟ್ಟೆ ಹೊಲಿಯುವ ಬಡ ಕೆಲಸಗಾರರು, ಪೀಸ್ ಲೆಕ್ಕದ ಕೂಲಿ, ಕೈಯಲ್ಲಿ ದುಡ್ಡಿಲ್ಲದ ತಿಂಗಳು. ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಜೊತೆಯವರು ಕೂಲಿ ಹೆಚ್ಚಿಸಲಿಲ್ಲ. ಕೆಲವರಿಗೆ ಬರಬೇಕಾದ ದುಡ್ಡನ್ನು ಬೇಗ ಕೊಟ್ಟರು, ಅಷ್ಟೇ. ದುಡ್ಡು ಸಿಕ್ಕವರು ಮೊದಲು ಮಾಡಿದ್ದು ಸಾಲ ತೀರಿಸುವ ಕೆಲಸ. ಮುಂದಿನ ದಿನಗಳಲ್ಲಿ ಅವರ ಕೆಲಸ ಸುಮಾರು ಶೇ 7ರಷ್ಟು ಹೆಚ್ಚಿತು, ಕೆಲಸದಲ್ಲಿ ಗಮನ ತಪ್ಪಿ ಆಗುವ ತಪ್ಪುಗಳು ಕಡಿಮೆಯಾದವು. ಹೆಚ್ಚು ಬಡವರಾಗಿದ್ದವರಲ್ಲೇ ಈ ಬದಲಾವಣೆ ಹೆಚ್ಚು ಕಂಡಿತು.

ತಲೆ ಸಾಲದ ಚಿಂತೆಯಲ್ಲಿದ್ದರೆ ಕೈ ತೂಕದಲ್ಲಿ ತಪ್ಪುತ್ತೆ. ಒಂದನೇ ತಾರೀಖು ಕೊಡಬೇಕಾದ ಸಂಬಳವನ್ನು ಹತ್ತಕ್ಕೆ, ಹದಿನೈದಕ್ಕೆ ಕಂತಿನಲ್ಲಿ ಕೊಡುವ ಮಾಲೀಕರು ದುಡ್ಡು ಉಳಿಸುತ್ತಿಲ್ಲ. ಅದೇ ದುಡ್ಡು ಕೊಟ್ಟು ಕಡಿಮೆ ಕೆಲಸ ತೆಗೆದುಕೊಳ್ಳುತ್ತಿದ್ದಾರೆ. ವರ್ತಕರಿಗೂ ಉದ್ರಿ ವಸೂಲಿಯ ಕಷ್ಟ ಇದೆ, ರೈತರ ಕೈಗೆ ದುಡ್ಡು ಬಂದಾಗಲೇ ಅಂಗಡಿಗೂ ಬರೋದು. ಹಾಗಿದ್ದರೂ ಇರುವ ದುಡ್ಡಿನಲ್ಲಿ ಮೊದಲ ಪಾಲು ಯಾರಿಗೆ ಎಂದು ನಿರ್ಧರಿಸುವಾಗ ಒಡಿಶಾದ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ಒಂದು ಓಟಿ ಗಂಟೆ ಎಷ್ಟಕ್ಕೆ ಬೀಳುತ್ತೆ?

ಸುಲಭದ ಲೆಕ್ಕಕ್ಕಾಗಿ ತಿಂಗಳ ಸಂಬಳ 15,600 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 75. ಓಟಿಗೆ ಕಾನೂನು ಪ್ರಕಾರ ಎರಡು ಪಟ್ಟು, ಅಂದರೆ 150 ರೂಪಾಯಿ. ರೂಪಾಯಿಗೆ ಹತ್ತು ಪೈಸೆ ಲಾಭ ಇರುವ ಅಂಗಡಿಯಲ್ಲಿ ಆ ಒಂದು ಗಂಟೆಯ ಕೂಲಿ ಹುಟ್ಟಲು 1,500 ರೂಪಾಯಿಯ ವ್ಯಾಪಾರ ಆಗಬೇಕು. ಕರೆಂಟ್ ಬೇರೆ. ಅದೂ ಬೇರೆ ಹೊತ್ತಿನಲ್ಲಿ ಬರುತ್ತಿದ್ದ ಗಿರಾಕಿಯೇ ಈ ಹೊತ್ತಿಗೆ ಬಂದದ್ದಾಗಿರಬಾರದು, ಹೊಸ ವ್ಯಾಪಾರ ಆಗಿರಬೇಕು. ರಾತ್ರಿ 9ರಿಂದ 10ರವರೆಗೆ ಎಷ್ಟು ದಿನ ಅಷ್ಟು ವ್ಯಾಪಾರ ಆಗುತ್ತೆ ಎಂಬುದನ್ನು ಪ್ರತಿ ಮಾಲೀಕರು ತಮ್ಮ ಬಿಲ್ ಬುಕ್ ನೋಡಿ ಹೇಳಬಹುದು.

ಬಹಳ ಕಡೆ ಈ ಲೆಕ್ಕ ಕಣ್ಣಿಗೆ ಬೀಳದಿರಲು ಕಾರಣ ಒಂದೇ: ಓಟಿ ಕೊಡೋದೇ ಇಲ್ಲ. ತಿಂಗಳ ಸಂಬಳ ಗೊತ್ತು ಮಾಡಿದ ಮೇಲೆ ಹೆಚ್ಚಿನ ಗಂಟೆ ಬಿಟ್ಟಿ ಎಂಬ ಭಾವನೆ. ಬಿಟ್ಟಿ ಅನ್ನಿಸಿದ ಆ ಗಂಟೆಯ ಬೆಲೆ ಬೇರೆ ರೂಪದಲ್ಲಿ ಹೊರಗೆ ಬರುತ್ತೆ. ರಾತ್ರಿ ಹೊತ್ತು ತಪ್ಪಾದ ಬಿಲ್, ಕೈಜಾರಿದ ಮಾಲು, ಬದಲಾದ ಔಷಧಿ, ಗಿರಾಕಿಗೆ ಸಿಡುಕಿದ ಮಾತು. ಕೊನೆಗೆ ಒಂದು ದಿನ ಹೇಳದೆ ಕೇಳದೆ ಬೆಂಗಳೂರು ಬಸ್ ಹತ್ತಿದ ಹುಡುಗ. ಹೊಸಬನಿಗೆ ಮಾಲಿನ ಜಾಗ, ರೇಟು, ಗಿರಾಕಿಯ ಮುಖ ಪರಿಚಯ ಆಗಲು ಎಷ್ಟು ತಿಂಗಳು ಬೇಕು ಎಂಬುದು ಮಾಲೀಕರಿಗೇ ಚೆನ್ನಾಗಿ ಗೊತ್ತು.

ಮಾಲೀಕರ ಎದೆಯೂ ಎದೆಯೇ

ಈ ಲೆಕ್ಕದಲ್ಲಿ ಮಾಲೀಕರನ್ನು ಹೊರಗಿಡುವ ಹಾಗಿಲ್ಲ. ಕಾಯ್ದೆಯ ಮಿತಿ ಇರೋದು ಕೆಲಸಗಾರನಿಗೆ, ಗಲ್ಲಾದ ಹಿಂದೆ ಕೂತವರಿಗೆ ಮಿತಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಕೊಟ್ಟ ವರದಿಯ ಪ್ರಕಾರ, ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಲಕ್ವ ಹೊಡೆಯುವ ಅಪಾಯ ಸುಮಾರು ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ದೀರ್ಘ ದುಡಿಮೆಯ ಕಾರಣಕ್ಕೆ 2016ರಲ್ಲಿ ಜಗತ್ತಿನಾದ್ಯಂತ 7.45 ಲಕ್ಷ ಜನ ಸತ್ತಿದ್ದಾರೆ ಎಂಬುದು ಅದರ ಅಂದಾಜು. ದಿನಕ್ಕೆ 14 ಗಂಟೆ ಅಂಗಡಿಯಲ್ಲೇ ಕೂರುವ ವರ್ತಕ ವಾರದ ನಾಲ್ಕನೇ ದಿನವೇ 55 ಗಂಟೆ ದಾಟುತ್ತಾನೆ.

ಇನ್ನೊಂದು ಬದಿಯ ಮಾತೂ ಇದೆ. ಕೆಲಸಗಾರರಲ್ಲೇ ಹಲವರು ಓಟಿ ಬೇಕು ಅನ್ನುತ್ತಾರೆ, ಯಾಕೆಂದರೆ ಬರೀ ಸಂಬಳದಲ್ಲಿ ಮನೆ ನಡೆಯೋದಿಲ್ಲ. ಗಂಟೆ ಕಡಿಮೆ ಮಾಡಿ ಸಂಬಳವನ್ನೂ ಕಡಿಮೆ ಮಾಡಿದರೆ ಅವರು ಸಂಜೆ ಇನ್ನೊಂದು ಕೆಲಸ ಹುಡುಕುತ್ತಾರೆ, ಸುಸ್ತು ಹಾಗೇ ಉಳಿಯುತ್ತೆ. ಹಬ್ಬದ ಹದಿನೈದು ದಿನ ಹೆಚ್ಚು ದುಡಿಯುವುದನ್ನೂ ಯಾರೂ ತಪ್ಪು ಎನ್ನಲಾರರು. ಈ ಅಧ್ಯಯನಗಳು ಎಚ್ಚರಿಸುವುದು ವರ್ಷವಿಡೀ ಹಬ್ಬದ ಗಂಟೆ ಹಿಡಿಯುವ ಅಭ್ಯಾಸದ ಬಗ್ಗೆ.

ತಾಲೂಕಿಗೆ ಬರುವ ಪ್ರಶ್ನೆ

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗೆ ವಿನಾಯಿತಿ ಎಂಬ ಮಾತು ಕಾನೂನಾದರೆ, ತಾಲೂಕು ಕೇಂದ್ರಗಳ ಹೆಚ್ಚಿನ ಅಂಗಡಿಗಳು ಅದರೊಳಗೆ ಬರುತ್ತವೆ. ಇಬ್ಬರು, ಮೂವರು, ಐವರು ಕೆಲಸಗಾರರಿರುವ ಅಂಗಡಿಗಳೇ ಇಲ್ಲಿ ಜಾಸ್ತಿ. ಆಗ ಒಬ್ಬ ಹುಡುಗ ಎಷ್ಟು ಗಂಟೆ ನಿಲ್ಲಬೇಕು ಎಂಬುದನ್ನು ಸರ್ಕಾರದ ಬದಲು ಮಾಲೀಕರೊಬ್ಬರೇ ತೀರ್ಮಾನ ಮಾಡಬೇಕಾಗುತ್ತದೆ. ಇನ್‌ಸ್ಪೆಕ್ಟರ್ ಬರುತ್ತಾರೆ ಎಂಬ ಭಯವಿಲ್ಲದ ಕಡೆ ಉಳಿಯೋದು ಲಾಭ-ನಷ್ಟದ ಲೆಕ್ಕ ಮಾತ್ರ. ಆ ಲೆಕ್ಕವೇ 12 ಗಂಟೆಯ ಪರ ನಿಲ್ಲೋದಿಲ್ಲ.

ಇದನ್ನು ಒಪ್ಪದವರು ತಾವೇ ಪರೀಕ್ಷೆ ಮಾಡಬಹುದು, ಖರ್ಚೇನೂ ಇಲ್ಲ. ಒಂದು ತಿಂಗಳು ಗಂಟೆಗಂಟೆಯ ವ್ಯಾಪಾರವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಬಿಲ್ ತಪ್ಪಿದ್ದು, ಮಾಲು ವಾಪಸ್ ಬಂದದ್ದು, ಒಡೆದದ್ದು ಯಾವ ಹೊತ್ತಿನಲ್ಲಿ ಎಂದು ಪಕ್ಕದಲ್ಲೇ ಗುರುತು ಹಾಕಿ. ಮುಂದಿನ ತಿಂಗಳು ಪಾಳಿ ನಿಗದಿ ಮಾಡಿ, ವಾರದ ರಜೆ ಬಿಟ್ಟು, ಸಂಬಳವನ್ನು ತಾರೀಖಿಗೆ ಕೊಟ್ಟು ಅದೇ ಲೆಕ್ಕ ಮತ್ತೆ ಬರೆಯಿರಿ. ಸಂತೆ, ಹಬ್ಬ ಎರಡೂ ತಿಂಗಳಲ್ಲಿ ಸಮ ಇರುವ ಹಾಗೆ ನೋಡಿಕೊಂಡರೆ ಹೋಲಿಕೆ ಸರಿಬರುತ್ತೆ.

ವರ್ತಕರ ಸಂಘದ ಮುಂದಿನ ಸಭೆಗೆ ನಾಲ್ಕೈದು ಅಂಗಡಿಯವರು ಇಂಥ ನೋಟ್‌ಬುಕ್ ತಂದರೆ, ಇಲಾಖೆಯ ಮುಂದೆ ಇಡಲು ತಾಲೂಕಿನದೇ ಅಂಕಿಅಂಶ ಇರುತ್ತೆ. ಕೆಲಸದ ಗಂಟೆ ಬಗ್ಗೆ ಇಲ್ಲಿವರೆಗೆ ದೊಡ್ಡ ಕಂಪನಿಗಳ ಮಾತು ಮತ್ತು ಬೆಂಗಳೂರಿನ ಸಂಘಟನೆಗಳ ಮಾತು ಮಾತ್ರ ಕೇಳಿಬಂದಿದೆ. ಎರಡು ಜನ ಹುಡುಗರನ್ನಿಟ್ಟುಕೊಂಡು ವ್ಯಾಪಾರ ಮಾಡುವವರ ಲೆಕ್ಕವನ್ನು ಯಾರೂ ಕೇಳಿಲ್ಲ, ಅವರೂ ಇನ್ನೂ ಕೊಟ್ಟಿಲ್ಲ.